ಕಾಂಪೌಂಡ್ ಇಲ್ಲದ ಪ್ರಾಣಿ ಜೀವಕೋಶಕ್ಕೆ ಒಂದು ದೂರು

ಗೆ,
ಮಾನ್ಯ ಪ್ರಾಣಿ ಜೀವಕೋಶದವರು,
ನನ್ನ ಎಡಗೆನ್ನೆಯ ಒಳಭಾಗ,
ಗುಬ್ಬಿ.

ಮಾನ್ಯರೇ,

ಕಣ್ಣಿಗೆ ಕಾಣದಷ್ಟು ಚಿಕ್ಕವರಾಗಿದ್ದೂ ನಮ್ಮನ್ನೆಲ್ಲ ಹೊತ್ತು ನಡೆಸುತ್ತಿರುವ ತಮಗೆ, ಗುಬ್ಬಿಯಲ್ಲಿ ಬೋರ್ಡು ಬರೆಯುವ ಕೋಮಲಾ ಮಾಡುವ ನಮಸ್ಕಾರಗಳು. ತಾವು ಹುಟ್ಟಿದಾಗಿನಿಂದ ಒಂದು ರಜೆಯನ್ನೂ ಹಾಕಿದವರಲ್ಲ ಎಂದು ಕೇಳಿದ್ದೇನೆ, ಆದ್ದರಿಂದ ತಮ್ಮ ಹೊತ್ತು ಕಳೆಯದೆ ದೂರನ್ನು ಮೊದಲೇ ಹೇಳಿಬಿಡುತ್ತೇನೆ. ತಮಗೆ ಕಾಂಪೌಂಡ್ ಇಲ್ಲ. ಇಲ್ಲವೆಂಬುದನ್ನು ತಾವು ಮುಂಚಿತವಾಗಿ ತಿಳಿಸಲೂ ಇಲ್ಲ. ಇದರಿಂದಾಗಿ, ಮೊದಲ ಸಲ ನನ್ನ ಸ್ವಂತ ಹೆಸರು ಹಾಕಿಕೊಂಡ ಗೋಡೆ ಈಗ ನನ್ನ ಕೈ ತಪ್ಪುವುದರಲ್ಲಿದೆ.

ಬೆಳ್ಳಾವಿ ಕಡೆಯ ಒಂದು ಪ್ರೌಢಶಾಲೆಯ ಹೊರಗೋಡೆಯ ಮೇಲೆ ತಮ್ಮದೊಂದು, ಸಸ್ಯ ಜೀವಕೋಶದವರದೊಂದು ಚಿತ್ರವನ್ನು ಪಕ್ಕಪಕ್ಕದಲ್ಲಿ ಬರೆಯಲು ನನಗೆ ಹೇಳಿದ್ದರು. ಅದುವರೆಗೆ ನಾನು ಬರೆದ ಎಲ್ಲ ಗೋಡೆಗಳ ಕೆಳಗೂ ಇದ್ದದ್ದು ನಮ್ಮಪ್ಪನ 'ಓಬಳಯ್ಯ ಆರ್ಟ್ಸ್' ಎಂಬ ಹೆಸರು. ಈ ಸಲ ಅಪ್ಪನೇ "ನಿನ್ ಹೆಸ್ರೇ ಹಾಕ್ಕೊ ಕಣಮ್ಮ, ಇದ್ರಲ್ಲಿ ನನ್ ಕೈ ಏನೂ ಇಲ್ಲ" ಎಂದದ್ದರಿಂದ 'ಚಿತ್ರ: ಕೋಮಲಾ, ಗುಬ್ಬಿ' ಎಂದು ಬಿಳಿ ಪೇಂಟಿನಲ್ಲಿ ಬರೆದೆ. ಕೆಲಸ ಮೆಚ್ಚುಗೆಯಾದರೆ ಹೃದಯ, ಕಣ್ಣು, ದಾಸವಾಳದ ಹೂವು ಬರಬೇಕಾದ ಮಿಕ್ಕ ಮೂರು ಗೋಡೆಗಳೂ ನನಗೇ ಎಂದು ಹೆಡ್ ಮಾಸ್ಟರ್ ಗುರುಸಿದ್ದಯ್ಯನವರು ಹೇಳಿದ್ದರು.

ನನಗೆ ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ಸಸ್ಯದವರ ಸುತ್ತ ಎರಡು ಗೆರೆ ಇದ್ದವು, ತಮ್ಮ ಸುತ್ತ ಒಂದೇ ಇತ್ತು. ಜೆರಾಕ್ಸ್ ಅಂಗಡಿಯವರು ಇಂಕು ಉಳಿಸಿದ್ದಾರೆ ಎಂದುಕೊಂಡೆ. ಬಾರ್ಡರ್ ಎಳೆಯದೆ ಏಣಿ ಇಳಿಯಬಾರದು ಎನ್ನುವುದು ನಮ್ಮ ಮನೆಯ ಕಸುಬಿನ ಪದ್ಧತಿ. ಅಪ್ಪ ಕುಣಿಗಲ್ ಕಡೆ ಒಂದು ಕೆರೆಯ ಹತ್ತಿರ 'ಇಲ್ಲಿ ಈಜಬಾರದು' ಎಂದು ಬರೆದಾಗಲೂ ಸುತ್ತ ಕೆಂಪು ಬಾರ್ಡರ್ ಹಾಕಿಯೇ ಕೆಳಗಿಳಿದವರು. ಅಲ್ಲದೆ ನಾನು ವರ್ಷವಿಡೀ ಬರೆಯುವುದು 'ಈ ಸ್ವತ್ತು ಮಾರಾಟಕ್ಕಿಲ್ಲ', 'ಅತಿಕ್ರಮ ಪ್ರವೇಶ ನಿಷೇಧ', 'ನಾಯಿ ಇದೆ' ಎಂಬ ಮಾತುಗಳನ್ನೇ, ಅದೂ ಕಾಂಪೌಂಡುಗಳ ಮೇಲೆಯೇ. ತುಮಕೂರಿನ ಹೊಸ ಬಡಾವಣೆಗಳಲ್ಲಿ ಮನೆ ಏಳದ ಸೈಟಿಗೂ ಮೊದಲು ಕಾಂಪೌಂಡ್ ಏಳುತ್ತದೆ. ಹೀಗಿರುವಾಗ, ಒಳಗೆ ಇಷ್ಟೊಂದು ಸಾಮಾನು ಇಟ್ಟುಕೊಂಡ ಮರ್ಯಾದಸ್ಥರು ಬರೀ ಒಂದು ತೆಳು ಪೊರೆ ಹೊದ್ದುಕೊಂಡು ಕೂತಿರುತ್ತಾರೆಂದು ಯಾರು ತಾನೇ ಊಹಿಸಿಯಾರು? ತಮ್ಮ ಗೌರವ ಕಾಪಾಡಲೆಂದು ನಾಲ್ಕು ಬೆರಳು ದಪ್ಪದ ಕಡುಹಸಿರು ಕೋಶಭಿತ್ತಿಯನ್ನು ನಾನೇ ಕಟ್ಟಿಕೊಟ್ಟೆ.

ಅದನ್ನು ನೋಡಿ ಹತ್ತನೇ ತರಗತಿಯ ಮಕ್ಕಳು ನಕ್ಕರು. ಗುರುಸಿದ್ದಯ್ಯನವರು "ಏನಮ್ಮ ಇದು, ಮನುಷ್ಯನ್ನ ಮರ ಮಾಡಿದೀಯಲ್ಲ. ಸರಿ ಮಾಡು, ಇಲ್ಲ ಅಂದ್ರೆ ಸುಣ್ಣ ಹೊಡಿಸ್ಬಿಡ್ತೀನಿ" ಎಂದರು. ವಿಜ್ಞಾನದ ಪ್ರೇಮಲತಾ ಮೇಡಂ ಮಾತ್ರ ನನ್ನನ್ನು ಲ್ಯಾಬಿಗೆ ಕರೆದೊಯ್ದು, ಮೊದಲು ಈರುಳ್ಳಿಯ ಪೊರೆಯನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಅಲ್ಲಿ ಒಳ್ಳೆಯ ಗಾರೆಯವನು ಕಟ್ಟಿದ ಇಟ್ಟಿಗೆಯ ಸಾಲು ಕಂಡಿತು. ಆಮೇಲೆ "ಬಾಯ್ ತೆಗಿ ಕೋಮಲಾ, ನೀನ್ ಹಿಂಗ್ ನಾಚ್ಕೊಂಡ್ರೆ ಕೋಶ ಹೊರಗ್ ಬರಲ್ಲ" ಎಂದು ಹಲ್ಲುಕಡ್ಡಿಯಿಂದ ನನ್ನ ಎಡಗೆನ್ನೆಯ ಒಳಗೆ ಕೆರೆದು, ನೀಲಿ ಬಣ್ಣದ ಹನಿ ಬಿಟ್ಟು ತೋರಿಸಿದರು. ತಮ್ಮ ದರ್ಶನವಾದದ್ದು ಆಗಲೇ. ಕಾವಲಿಯಿಂದಾಚೆ ಚೆಲ್ಲಿದ ದೋಸೆ ಹಿಟ್ಟಿನಂತೆ, ಅಂಚು ಅಲ್ಲಲ್ಲಿ ಮಡಚಿಕೊಂಡು, ನಡುವೆ ಒಂದು ನೀಲಿ ಚುಕ್ಕೆ ಇಟ್ಟುಕೊಂಡು ತಾವು ಹಾಯಾಗಿ ಬಿದ್ದಿದ್ದಿರಿ. ಗೋಡೆ ಎಲ್ಲಿ ಎಂದು ಕೇಳಿದ್ದಕ್ಕೆ ಮೇಡಂ "ಮರ ನಿಂತ ಕಡೆ ನಿಲ್ಬೇಕು, ಅದಕ್ಕೆ ಮೂಳೆ ಇಲ್ಲ, ಗೋಡೆ ಬೇಕು. ನೀನ್ ಓಡಾಡೋಳು. ಗೋಡೆ ಕಟ್ಕೊಂಡ್ ಹೆಂಗ್ ಓಡಾಡ್ತೀಯ?" ಎಂದರು.

ಅಂದು ಮೇಡಂ ಹೇಳಿದ ತಮ್ಮ ಮನೆಯ ಸಂಗತಿಗಳನ್ನು ಕೇಳಿ ನನಗೆ ನಾಚಿಕೆಯಾಯಿತು, ತಮ್ಮ ಪರವಾಗಿ. ತಮ್ಮ ಕೋಶಕೇಂದ್ರದವರು ಮೂಲ ಕಡತವನ್ನು ಒಳಗಿಟ್ಟುಕೊಂಡು, ಬೇಕಾದ ಪುಟದ ನಕಲನ್ನು ಮಾತ್ರ ಕೂಡಲೇ ಹೊರಗೆ ಕಳುಹಿಸುತ್ತಾರಂತೆ, ನಾಳೆ ಬಾ ಎನ್ನುವುದಿಲ್ಲವಂತೆ. ಇದೆಂಥ ಕಚೇರಿ? ಮೈಟೋಕಾಂಡ್ರಿಯದವರು ಊಟವನ್ನು ಶಕ್ತಿ ಮಾಡಿ, ಯಾವ ಬ್ಯಾನರೂ ಕಟ್ಟಿಸದೆ, ಎಲ್ಲರಿಗೂ ಹಂಚುತ್ತಾರಂತೆ. ಲೈಸೋಸೋಮಿನವರು ತಮ್ಮ ಕಸವನ್ನು ಪಕ್ಕದವರ ಸೈಟಿಗೆ ಎಸೆಯದೆ ಮನೆಯೊಳಗೇ ಕರಗಿಸಿ, ಉಳಿದದ್ದನ್ನು ಮತ್ತೆ ಬಳಸುತ್ತಾರಂತೆ. ಇನ್ನು ತಮ್ಮ ಪೊರೆಯ ವಿಷಯ ಹೇಳಲೇ ಬಾರದು. ನೀರು ಬಂದರೆ ಅದು ಬಿಡುತ್ತದೆ, ಉಸಿರು ಬಂದರೆ ಬಿಡುತ್ತದೆ, ಒಳಗೆ ಬೇಕೋ ಬೇಡವೋ ಎಂಬುದಷ್ಟೇ ಅದರ ಲೆಕ್ಕ. ನಾನು ಗೋಡೆ ಬರೆಯಲು ಹೋಗುವ ಊರುಗಳಲ್ಲಿ ಬಾಯಾರಿ ನೀರು ಕೇಳಿದರೆ ಮೊದಲು "ಯಾರ ಪೈಕಿ?" ಎಂಬ ಪ್ರಶ್ನೆ ಬರುತ್ತದೆ, ಆಮೇಲೆ ಲೋಟ ಬರುತ್ತದೆ, ಉತ್ತರ ಕೇಳಿದ ಮೇಲೆ ಕೆಲವು ಕಡೆ ಲೋಟ ಬದಲಾಗಿ ಬರುತ್ತದೆ. ಹಾಗೆ ವಿಚಾರಿಸುವವರ ಗಂಟಲಲ್ಲಿಯೂ ತಾವೇ ಇದ್ದೀರಿ ಎಂದು ಕೇಳಿ ಬೇಸರವಾಯಿತು. ಅಷ್ಟು ಹತ್ತಿರವಿದ್ದೂ ಅವರಿಗೆ ಏನನ್ನೂ ಕಲಿಸದ ತಮ್ಮ ಸಂಕೋಚವನ್ನು ಮೆಚ್ಚಲೇಬೇಕು.

ಇರಲಿ. ಭಾನುವಾರವಿಡೀ ಏಣಿಯ ಮೇಲೆ ನಿಂತು, ಎರಡು ಕೋಟ್ ಬಿಳಿ ಹೊಡೆದು, ತಮ್ಮ ಕಾಂಪೌಂಡನ್ನು ಕೆಡವಿದೆ. ಬಾರ್ಡರ್ ಇಲ್ಲದ ಚಿತ್ರ ಬಿಟ್ಟು ಏಣಿ ಇಳಿದದ್ದು ನನಗೆ ಅದೇ ಮೊದಲು. ಕಾಲು ಎರಡು ಸಲ ಮೇಲಕ್ಕೇ ಹೋಯಿತು. ಮೇಡಂ ಸರಿ ಎಂದರು, ಹೆಡ್ ಮಾಸ್ಟರ್ ತಲೆಯಾಡಿಸಿದರು, ಹೆಸರು ಉಳಿಯಿತು.

ಗುರುವಾರ ತಪಾಸಣೆಯ ಸಾಹೇಬರು ಬಂದರು. ಎರಡೂ ಚಿತ್ರಗಳನ್ನು ಗಂಭೀರವಾಗಿ ನೋಡಿ, "ಇದಕ್ಕ್ಯಾಕ್ರೀ ಗೋಡೆ ಇಲ್ಲ? ಒಂದಕ್ಕೆ ಹಾಕಿ ಒಂದಕ್ಕೆ ಬಿಟ್ರೆ ತಾರತಮ್ಯ ಆಗಲ್ವ? ಎರಡೂ ಒಂದೇ ಥರ ಇರ್ಲಿ, ಸೋಮವಾರದೊಳ್ಗೆ ಫೋಟೊ ತಗ್ದು ಕಳ್ಸಿ" ಎಂದು ಅಪ್ಪಣೆ ಕೊಟ್ಟರು. ಪ್ರೇಮಲತಾ ಮೇಡಂ ಬಾಯಿ ತೆರೆಯುವಷ್ಟರಲ್ಲಿ ಗುರುಸಿದ್ದಯ್ಯನವರು "ಆಯ್ತು ಸರ್, ಹಾಕಿಸ್ತೀವಿ ಸರ್" ಎಂದುಬಿಟ್ಟಿದ್ದರು. ಜೀಪು ಹೋದ ಮೇಲೆ ನನ್ನ ಕಡೆ ತಿರುಗಿ, "ಹಾಕ್ಬುಡಮ್ಮ. ನೀನ್ ಹಾಕಲ್ಲ ಅಂದ್ರೆ ಬೇರೆಯವ್ರ್ ಹಾಕ್ತಾರೆ. ಆಮೇಲೆ ನಿನ್ ಹೆಸ್ರೂ ಇರಲ್ಲ, ಮಿಕ್ಕಿದ್ ಗೋಡೇನೂ ಇರಲ್ಲ" ಎಂದರು.

ಮಾನ್ಯರೇ, ಗೋಡೆ ಹಾಕಿದರೆ ನನ್ನ ಹೆಸರಿನ ಮೇಲೆಯೇ ಮಕ್ಕಳು ಸುಳ್ಳು ಓದುತ್ತಾರೆ, ಹಾಕದಿದ್ದರೆ ಹೆಸರೇ ಇರುವುದಿಲ್ಲ. ಆದ್ದರಿಂದ ತಾವು ದಯವಿಟ್ಟು ಸೋಮವಾರದೊಳಗೆ ಸ್ವಂತ ಖರ್ಚಿನಲ್ಲಿ ಒಂದು ಕೋಶಭಿತ್ತಿ ಕಟ್ಟಿಕೊಳ್ಳಬೇಕು. ಎಲ್ಲ ಪ್ರಾಣಿಗಳಲ್ಲಿಯೂ ಆಗದಿದ್ದರೆ ಸಾಹೇಬರೊಬ್ಬರ ಮೈಯಲ್ಲಾದರೂ ಕಟ್ಟಿಕೊಳ್ಳಿ; ಅವರು ಕುರ್ಚಿಯಿಂದ ಏಳಲಾಗದೆ ಮರದಂತೆ ಅಲ್ಲೇ ಬೇರೂರಿಬಿಟ್ಟರೆ ನಮ್ಮ ಕಡೆಯ ಕಚೇರಿಗಳಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದೂ ಆಗದಿದ್ದರೆ ತಾವೇ ಖುದ್ದಾಗಿ ಕಚೇರಿಗೆ ಹೋಗಿ, ತಮಗೆ ಕಾಂಪೌಂಡ್ ಇಲ್ಲವೆಂದು ಒಂದು ಮುಚ್ಚಳಿಕೆ ಬರೆದುಕೊಡಬೇಕು. ಗಾಜಿನ ಮೇಲೆ ಬಂದ ತಮ್ಮವರನ್ನು ಕಳುಹಿಸೋಣವೆಂದರೆ, ಅವರು ಅಂದೇ ಒಣಗಿ ತೀರಿಕೊಂಡರು.

ನನ್ನ ಕೆನ್ನೆಯಲ್ಲಿದ್ದುಕೊಂಡೇ ನನ್ನನ್ನು ಇಕ್ಕಟ್ಟಿಗೆ ಸಿಲುಕಿಸಿದ ತಮ್ಮ ಮೇಲೆ ಈಗಲೂ ಭರವಸೆ ಇಟ್ಟಿರುವ,

ತಮ್ಮ ವಿಶ್ವಾಸಿ,
ಕೋಮಲಾ
ಗುಬ್ಬಿ

ವಿ.ಸೂ.: ಈ ಪತ್ರ ಬರೆದ ಮೇಲೆ ಧೈರ್ಯ ಮಾಡಿ ಹೆಡ್ ಮಾಸ್ಟರ್ ಬಳಿ ಹೋಗಿ, ಗೋಡೆ ನಾನೇ ಹಾಕುತ್ತೇನೆ, ಆದರೆ ಅದು ನನ್ನ ಚಿತ್ರವಲ್ಲದ್ದರಿಂದ ನನ್ನ ಹೆಸರಿನ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, 'ಪ್ರಾಣಿ ಜೀವಕೋಶಕ್ಕೆ ಕೋಶಭಿತ್ತಿ ಹಾಕಿಸಿದವರು' ಎಂದು ಸಾಹೇಬರ ಹೆಸರು, ಹುದ್ದೆ ಎರಡನ್ನೂ ಬರೆಯುತ್ತೇನೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಹೇಳಿದೆ. ಗುರುಸಿದ್ದಯ್ಯನವರು ಅದನ್ನು ಫೋನಿನಲ್ಲಿ ಒಪ್ಪಿಸಿದರು. ಸಾಹೇಬರು, ಯಾವುದಕ್ಕೂ ಒಂದು ಸಲ ಪುಸ್ತಕ ನೋಡಿ ಹೇಳುತ್ತೇನೆ ಎಂದರಂತೆ. ಅವರು ಪುಸ್ತಕ ನೋಡುವವರೆಗೆ, ಎಂದರೆ ತಮ್ಮ ಮತ್ತು ನನ್ನ ಇಡೀ ಆಯುಷ್ಯ, ತಾವು ಇದ್ದ ಹಾಗೆಯೇ ಇರಬಹುದು.