ಖಾಲಿ ಬಿಡುವಂತಿಲ್ಲ

"ಏಳನೇ ಕ್ಲಾಸು ಡೇಟಾಬೇಸ್ ಆರಿಸುತ್ತಂತೆ, ಕೇಳಿದ್ರಾ!" ಎಂದು ಕಂಪ್ಯೂಟರ್ ವಿಭಾಗದ ಪದವೀಧರ ಮೀಟಿಂಗ್ ಕೋಣೆಯಲ್ಲಿ ಎಲ್ಲರೆದುರು ಅಂದ. "ನಾಳೆ ನಮಗೆಲ್ಲ ಮಗ್ಗಿ ಹೇಳ್ಕೊಡ್ತಾನೆ ಬಿಡಿ."

ಫೋನ್ ಹಿಡಿಯುವ ಅಕ್ಕ ಕೈಯಡ್ಡ ಹಿಡಿದು ನಕ್ಕಳು. ಮೆಕ್ಯಾನಿಕ್‌ಗಳ ಮೇಸ್ತ್ರಿ ಮೇಜು ಗುದ್ದಿ ನಕ್ಕರು. ಲಿಫ್ಟ್ ರಿಪೇರಿ ಕಂಪನಿಯ ಯಜಮಾನರು ಮಾತ್ರ ನಗಲಿಲ್ಲ. ದೊಡ್ಡತನವೇನಲ್ಲ, ಬಾಯಲ್ಲಿ ಬಿಸ್ಕತ್ತಿತ್ತು.

ಏಳನೇ ಕ್ಲಾಸು ಎಂಬುದು ಮೂಲೆಯಲ್ಲಿ ಕೂತಿದ್ದವನ ಹೆಸರಲ್ಲ, ಅವನು ಓದಿದ್ದು. ಆ ಆಫೀಸಿನಲ್ಲಿ ಅದೇ ಹೆಸರಾಗಿ ಅಂಟಿಕೊಂಡಿತ್ತು. ಕೆಟ್ಟ ಲಿಫ್ಟುಗಳ ದೂರು ಬರೆದುಕೊಳ್ಳುವ ವೆಬ್‌ಸೈಟನ್ನು ಕಟ್ಟಿದವನು ಅವನೇ. ಆದರೂ ಐದು ವರ್ಷದಿಂದ ದಿನಗೂಲಿ. ಕಾಯಂ ಆದವರ ಕೊರಳಲ್ಲಿ ಫೋಟೋ ಇರುವ ಕಾರ್ಡು. ಅವನ ಕೊರಳಲ್ಲಿ 'ಸಂದರ್ಶಕ' ಎಂಬ ಬಿಲ್ಲೆ. ಐದು ವರ್ಷ ಬಂದು ಹೋಗುತ್ತಲೇ ಇರುವ ಸಂದರ್ಶಕ!

ಯಜಮಾನರು ಬಿಸ್ಕತ್ತು ನುಂಗಿದರು. "ಜಗಳ ಬೇಡ. ಮಧ್ಯಾಹ್ನದವರೆಗೆ ದೂರು ತುಂಬೋಕೆ ಈ ಪದವೀಧರನ ಡೇಟಾಬೇಸು, ಆಮೇಲೆ ಏಳನೇ ಕ್ಲಾಸಿನದು. ಯಾವುದು ಗೆಲ್ಲತ್ತೋ ಅದರಲ್ಲಿ ಸಂಜೆ ಐದಕ್ಕೆ ಸಿಬ್ಬಂದಿ ಪಟ್ಟಿ ತುಂಬಿಸೋಣ. ಪಟ್ಟಿಯಲ್ಲಿ ಇದ್ದೋರು ನಾಳೆಯಿಂದ ಕಾಯಂ. ಏಯ್ ಏಳನೇ ಕ್ಲಾಸು, ನಿನ್ನನ್ನೂ ಸೇರಿಸೇ ಹೇಳ್ತಿರೋದು."

ಅವನು ಹೊರಗೋಡಿ ಅಮ್ಮನಿಗೆ ಫೋನು ಮಾಡಿದ. "ಅಮ್ಮಾ, ಸಂಜೆಗೆ ಫೋಟೋ ಕಾರ್ಡು!"

"ಹೋದ ವರ್ಷಾನೂ ಹಾಗೇ ಅಂದಿದ್ದೆ," ಅಂದಳು ಅಮ್ಮ.

ಪದವೀಧರನ ಡೇಟಾಬೇಸು ಬಲು ಉದಾರಿ. ಏನು ಕೊಟ್ಟರೂ ನುಂಗುತ್ತಿತ್ತು, ಏನೂ ಕೊಡದಿದ್ದರೂ ನುಂಗುತ್ತಿತ್ತು. "ಡೇಟಾ ಅಂದ್ರೆ ಹರಿಯೋ ನೀರು. ಕಟ್ಟೆ ಕಟ್ಟಬಾರದು," ಎಂದು ಅವನು ಭಾಷಣ ಬಿಗಿಯುತ್ತಿದ್ದಾಗಲೇ ಹನ್ನೊಂದರ ಸುಮಾರಿಗೆ ಒಂದು ಕರೆ ಬಂತು. "ನಾನು ಕಣೇ, ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದೀನಿ, ಬೇಗ ಕಳ್ಸು!" ಅಂದು ಆ ಕಡೆ ಕುಕ್ಕಿ ಇಟ್ಟರು. ಅಕ್ಕ ಕೇಳಿದಷ್ಟನ್ನು ಒತ್ತಿದಳು. ಹೆಸರು: ನಾನು. ವಿಳಾಸ: ಖಾಲಿ. ಪರದೆಯ ಮೇಲೆ 'ದಾಖಲಾಗಿದೆ' ಎಂದು ಹಸಿರು ಗುರುತು ಬಿತ್ತು.

ಮೆಕ್ಯಾನಿಕ್‌ಗಳು ಎರಡು ಗಂಟೆ ಊರೆಲ್ಲ ಸುತ್ತಿದರು. "ಅಲ್ಲಮ್ಮಾ, 'ನಾನು' ಅಂದ್ರೆ ಯಾರು? ನಾನಾ, ನೀನಾ?" ಎಂದು ಮೇಸ್ತ್ರಿ ಫೋನಿನಲ್ಲೇ ಕಿರುಚಿದರು. ಒಂದು ಗಂಟೆಗೆ ಗೊತ್ತಾಯಿತು: ಅದು ಯಜಮಾನರ ಅತ್ತೆ.

ಅತ್ತೆಯ ಜೊತೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದ ಯಜಮಾನರ ಮುಖ ಹಿಂಡಿ ಎಸೆದ ನಿಂಬೆಹಣ್ಣಿನ ಹಾಗಿತ್ತು. "ಕಿತ್ತುಹಾಕು ಆ ಗೋಣಿಚೀಲಾನ!" ಅಂದರು. "ನಿನ್ನದು ತೋರ್ಸೋ, ಏಳನೇ ಕ್ಲಾಸು."

ಅವನದು ಖಾನೆಖಾನೆಯ ಕಪಾಟು. ಒಂದು ಖಾನೆ ಬರಿದಾಗಿದ್ದರೂ ಬಾಗಿಲು ಮುಚ್ಚುತ್ತಿರಲಿಲ್ಲ. "ಇದೇನೋ, ಪೊಲೀಸರ ಹಾಗೆ ಕೇಳತ್ತೆ!" ಎಂದು ಅಕ್ಕ ಗೊಣಗಿದಳು. ಆದರೆ ಮೂರು ಗಂಟೆಯೊಳಗೆ ಏಳು ಲಿಫ್ಟು ಸರಿಹೋದವು, ಒಬ್ಬ ಮೆಕ್ಯಾನಿಕ್ಕೂ ದಾರಿ ತಪ್ಪಲಿಲ್ಲ.

ಗೆದ್ದೆತ್ತಿನ ಬಾಲ ಹಿಡಿಯುವವರಿಗೇನು ಬರ? ಎಲ್ಲರೂ ಅವನ ಕುರ್ಚಿ ಸುತ್ತ ನೆರೆದರು.

"ಫೋನ್ ನಂಬರು ಕಡ್ಡಾಯ ಮಾಡೋ, ತಮ್ಮಾ," ಅಂದಳು ಅಕ್ಕ. ಮಾಡಿದ.

"ಎಷ್ಟನೇ ಮಹಡಿ ಅನ್ನೋದೂ ಇರಲಿ," ಅಂದರು ಯಜಮಾನರು. ಮಾಡಿದ.

"ಸಿಬ್ಬಂದಿ ಪಟ್ಟಿಯಲ್ಲಿ ವಿದ್ಯಾರ್ಹತೆ ಹಾಕು," ಅಂದರು ಮೇಸ್ತ್ರಿ. "ಕಲೀದೋನೊಬ್ಬ ಮೊನ್ನೆ ತಂತಿ ಮುಟ್ಟಿ ಮೀಸೆ ಸುಟ್ಕೊಂಡ. ತಾಂತ್ರಿಕ ಶಾಲೆ, ಡಿಪ್ಲೊಮಾ, ಪದವಿ. ಮೂರರಲ್ಲಿ ಒಂದು ಇರಲೇಬೇಕು."

"ಆಯ್ತು ಮೇಸ್ತ್ರಿ, ಮುಂದಿನದು ಹೇಳಿ!" ಎಂದ. ಬೆರಳು ಕೀಲಿಗಳ ಮೇಲೆ ಕುಣಿಯುತ್ತಿದ್ದವು. ಹುಟ್ಟಿದಾಗಿನಿಂದ ಅವನನ್ನು ಯಾರೂ ಇಷ್ಟು ಹೊತ್ತು ಒಟ್ಟಿಗೆ ಮಾತಾಡಿಸಿರಲಿಲ್ಲ.

"ನಾಳೆ ಯಾರಾದ್ರೂ ಬಂದು ಸ್ವಲ್ಪ ಸಡಿಲ ಮಾಡು ಅಂದ್ರೆ?" ಯಜಮಾನರು ಕೇಳಿದರು.

ಅವನು ಪದವೀಧರನನ್ನು ನೆಟ್ಟಗೆ ನೋಡುತ್ತ ಯಜಮಾನರಿಗೆ ಹೇಳಿದ. "ನೀವೇ ಬಂದು ಕೇಳಿದ್ರೂ ಆಗಲ್ಲ, ಸಾರ್. ಒಬ್ಬರಿಗೆ ಸಡಿಲ ಮಾಡಿದ್ರೆ ಅದೂ ಗೋಣಿಚೀಲಾನೇ."

"ಭಲೇ!" ಅಂದರು ಯಜಮಾನರು.

ಐದು ಗಂಟೆಗೆ ಪಟ್ಟಿ ತುಂಬತೊಡಗಿತು. ಅಕ್ಕ, ಹಸಿರು. ಮೇಸ್ತ್ರಿ, ಹಸಿರು. ಪದವೀಧರ, ಹಾಳಾಗಿ ಹೋಗಲಿ, ಅವನೂ ಹಸಿರು. ಬಾಗಿಲು ಕಾಯುವ ಮುದುಕನಿಗೂ ಯಾವುದೋ ಕಾಲದ ಹೊಲಿಗೆ ಡಿಪ್ಲೊಮಾ ಇತ್ತು, ಅವನೂ ಹಸಿರು. ತನ್ನ ಹೆಸರನ್ನು ಏಳನೇ ಕ್ಲಾಸಿನವನು, ಮಗು ಸಿಹಿಯನ್ನು ಕೊನೆಗಿಟ್ಟುಕೊಂಡಂತೆ, ಕೊನೆಗಿಟ್ಟುಕೊಂಡಿದ್ದ. ಹೆಸರು ಬರೆದ. ವಿಳಾಸ ಬರೆದ. ವಿದ್ಯಾರ್ಹತೆಯ ಖಾನೆಗೆ ಬಂದು ಬೆರಳು ನಿಂತಿತು. ಮೂರೇ ಆಯ್ಕೆ. ಮೂರೂ ಅವನದಲ್ಲ. ಹಾಗೇ ಬಿಟ್ಟು ಗುಂಡಿ ಒತ್ತಿದ.

ಕೆಂಪು ಅಕ್ಷರ ಮೂಡಿತು. 'ಖಾಲಿ ಬಿಡುವಂತಿಲ್ಲ.' ಆ ಸಾಲನ್ನು ಬರೆದವನು ಅವನೇ.

ಇನ್ನೊಮ್ಮೆ ಒತ್ತಿದ, ಮತ್ತೆ ಅದೇ ಕೆಂಪು.

"ಏನಾದ್ರೂ ಒಂದು ಹಾಕ್ಬಿಡೋ ತಮ್ಮಾ, ಯಾರು ನೋಡ್ತಾರೆ," ಅಂದಳು ಅಕ್ಕ.

ಪದವೀಧರ ಈ ಸಲ ನಗಲಿಲ್ಲ. ಮೆಲ್ಲಗೆ ಅಂದ, ಅದೇ ಹೆಚ್ಚು ಚುಚ್ಚಿತು: "ನನ್ನ ಗೋಣಿಚೀಲದಲ್ಲಿ ನಿನಗೆ ಜಾಗ ಇತ್ತು ಕಣೋ."

ಯಜಮಾನರು ಗಂಟಲು ಸರಿಮಾಡಿಕೊಂಡರು. "ನಿನ್ನೊಬ್ಬನಿಗೆ ಸಡಿಲ ಮಾಡೋಣ್ವೇನೋ? 'ಹೂಂ' ಅನ್ನು, ಸಾಕು."

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ಎದ್ದ. ಕುರ್ಚಿಯನ್ನು ಮೇಜಿನೊಳಗೆ ಸರಿಸಿದ. ಲಿಫ್ಟ್ ಕಂಪನಿಯ ಲಿಫ್ಟಿಗೆ ಎಂದಿನಂತೆ 'ಕೆಟ್ಟಿದೆ' ಎಂಬ ಬೋರ್ಡು ತೂಗುತ್ತಿತ್ತು. ನಾಲ್ಕು ಮಹಡಿ ಮೆಟ್ಟಿಲಿಳಿದ. ಬಾಗಿಲಲ್ಲಿ 'ಸಂದರ್ಶಕ' ಬಿಲ್ಲೆಯನ್ನು ಕೊರಳಿಂದ ತೆಗೆದು ಅದರ ಮೊಳೆಗೆ ನೇತುಹಾಕಿದ.

"ಏನಪ್ಪಾ, ಕಾರ್ಡು ಬಂತಾ?" ಎಂದು ನಾಳೆಯಿಂದ ಕಾಯಂ ಆಗಲಿದ್ದ ಬಾಗಿಲ ಮುದುಕ ಅಕ್ಕರೆಯಿಂದ ಕೇಳಿದ.

ಅವನು ತಿರುಗಿ ನೋಡದೆ ರಸ್ತೆಗಿಳಿದು ನಡೆದುಬಿಟ್ಟ.