ದಾಮೋದರನ ಗಾಳಿ ಹಲಗೆ

ಎಲ್ಲದಕ್ಕೂ ಕಾರಣ ಷಡ್ಡಕ ಶೈಲೇಶನ ಒಂದು ಫೋಟೋ. ಪುಣೆ ಕಡೆಯ ಯಾವುದೋ ಕೆರೆಯಲ್ಲಿ, ಗಾಳಿ ತುಂಬಿದ ಉದ್ದನೆಯ ಹಲಗೆಯ ಮೇಲೆ ಹುಟ್ಟು ಹಿಡಿದು ಆತ ಸೆಟೆದು ನಿಂತಿದ್ದ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಅದು ಬಿದ್ದದ್ದೇ ತಡ, ವೇಣೂಬಾಯಿ ಗಂಡ ದಾಮೋದರನ ಮೂಗಿಗೆ ಫೋನು ಹಿಡಿದಳು.

"ನೋಡ್ರಿ, ನಮ್ಮ ತಂಗಿ ಗಂಡ ನೀರಿನ ಮ್ಯಾಲ ನಿಂತಾನ. ನೀವು ಸಿಟಿ ಬಸ್ಸಿನ್ಯಾಗ ನಿಂತ್ರೂ ಮಂದಿ ಮ್ಯಾಲ ಬೀಳತೀರಿ."

ದಾಮೋದರ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲ್ ಕಾರ್ಖಾನೆಯೊಂದರಲ್ಲಿ ಕಾರಕೂನ. ಹದಿನೆಂಟು ವರ್ಷದ ಸಂಸಾರದಲ್ಲಿ ಶೈಲೇಶನ ಗುಣಗಾನ ಕೇಳಿ ಕೇಳಿ ಅವನ ಕಿವಿ ದಡ್ಡುಗಟ್ಟಿತ್ತು. ಅಂದು ಮಾತ್ರ ತಡೆಯಲಾಗಲಿಲ್ಲ.

"ಬರೋ ಶನಿವಾರ ನಾನೂ ನಿಂತ ತೋರಸ್ತೀನಿ! ಇಲ್ಲಂದ್ರ ಜನ್ಮಪೂರ್ತಿ ಅವನ ಹೊಗಳಿಕಿ ಕೇಳ್ಕೋತ ಕೂಡತೀನಿ, ತುಟಿಪಿಟಕ್ ಅನ್ನೂದಿಲ್ಲ."

ತನಗೆ ಈಜು ಬರುವುದಿಲ್ಲ ಎಂಬುದು ಅವನಿಗೆ ನೆನಪಾದದ್ದು ಮಾತು ಮುಗಿದ ಮೇಲೆ.

ಹಲಗೆ ಆರಿಸಲು ಇಡೀ ಆಫೀಸೇ ಕೂತಿತು. ಟವೆಲ್ ಮಂದಿಗೆ ತೂಕವೇ ಪ್ರಮಾಣ, ಭಾರವಾದಷ್ಟೂ ಮಾಲು ಚೊಕ್ಕ.

"ಹಗುರ ಮಾಲು ತೊಗೋಬ್ಯಾಡ್ರಿ ಸಾಹೇಬ್ರ, ನೂಲು ಕದ್ದಿರತಾರ," ಎಂದ ಪ್ಯಾಕಿಂಗ್ ವಿಭಾಗದ ಕೈಲಾಸ.

"ಇದು ತೇಲೂದೋ ಮಾರಾಯಾ, ಮೈ ಒರಸೂದಲ್ಲ," ಎಂದು ಲೆಕ್ಕದ ಸಿದ್ದಣ್ಣ ಗದರಿದ.

ಒಬ್ಬ ಉದ್ದ ಬೇಕೆಂದ, ಇನ್ನೊಬ್ಬ ಅಗಲ ಬೇಕೆಂದ, ದಾಮೋದರನ ಹೊಟ್ಟೆ ನೋಡಿದ ಮೂರನೆಯವ ಎರಡೂ ಬೇಕೆಂದ. ದಾಮೋದರ ಮಾತ್ರ ಜಾಹೀರಾತಿನ ಒಂದು ಸಾಲಿಗೆ ಮನಸೋತಿದ್ದ: 'ಹಗುರವಾಗಿದೆ, ಹೊಸಬರಿಗೆ ಇದೇ ಉತ್ತಮ.' ಇದ್ದುದರಲ್ಲಿ ಎಲ್ಲಕ್ಕಿಂತ ಹಗುರವಾದುದನ್ನೇ ತರಿಸಿದ.

ಶನಿವಾರ ಸುರುಳಿ ಸುತ್ತಿದ ಹಲಗೆಯನ್ನು ಬೆನ್ನಿಗೇರಿಸಿ, ಕೈಲಾಸನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಚಪಳಗಾಂವ ಮುಟ್ಟಿದ. ಕಾರ್ಖಾನೆ ಬಿಟ್ಟು ಊರಲ್ಲಿ ಎಮ್ಮೆ ಕಟ್ಟಿಕೊಂಡಿದ್ದ ಹಳೆಯ ಸ್ನೇಹಿತ ಸಾಯಬಣ್ಣ ಅವರನ್ನು ಕೆರೆಗೆ ಕರೆದೊಯ್ದ. ಕೈಪಂಪು ಒತ್ತಿ ಒತ್ತಿ ಹಲಗೆ ಉಬ್ಬುವಷ್ಟರಲ್ಲಿ ದಾಮೋದರನ ಗಾಳಿಯೇ ಹೋಗಿತ್ತು. ಇನ್ನೇನು ನೀರಿಗೆ ಇಳಿಸಬೇಕು, ಸಾಯಬಣ್ಣನ ಹೆಂಡತಿ ಶಾರದಾಬಾಯಿ ಅಡ್ಡ ಬಂದಳು.

"ಅಯ್ಯ, ಹೊಸ ಗಾಡಿ! ಪೂಜಾ ಮಾಡದ ಹತ್ತತಾರೇನ್ರಿ?"

"ಗಾಡಿ ಅಲ್ರೀ ವೈನಿ, ಹಲಗಿ."

"ಮನಷ್ಯಾರು ಹತ್ತತಾರಿಲ್ಲೋ? ಮತ್ತ ಗಾಡೀನ ಆತು."

ಅರಿಷಿಣ ಕುಂಕುಮ ಆಯಿತು, ತೆಂಗಿನಕಾಯಿ ಒಡೆದದ್ದಾಯಿತು. ಕೊನೆಗೆ ಉಳಿದದ್ದು ನಿಂಬೆಹಣ್ಣು ಮೆಣಸಿನಕಾಯಿಯ ಸರ. ಟ್ರ್ಯಾಕ್ಟರಿಗಾದರೆ ಬಂಪರು ಇರುತ್ತದೆ, ಹಲಗೆಗೆ ಎಲ್ಲಿ ಕಟ್ಟುವುದು? ಶಾರದಾಬಾಯಿ ಜಾಣೆ. ಚೀಲ ಹೊಲಿಯುವ ದಬ್ಬಣಕ್ಕೆ ಸರದ ದಾರ ಪೋಣಿಸಿ ಹಲಗೆಯ ಮೂತಿಗೆ ಚುಚ್ಚಿಯೇ ಬಿಟ್ಟಳು.

ಫುಸ್ಸೆಂದಿತು. ದಾಮೋದರನ ಮಾನ ಅವನ ಕಣ್ಣೆದುರೇ ಚಪ್ಪಟೆಯಾಗತೊಡಗಿತು.

"ಎಷ್ಟ ದೃಷ್ಟಿ ಆಗಿತ್ತ ನೋಡ್ರಿ, ಎಲ್ಲಾ ಹೊರಬಿತ್ತು," ಎಂದಳು ಶಾರದಾಬಾಯಿ.

ದಾಮೋದರ ದಂಡೆಯ ಮೇಲೆ ಕುಸಿದ. "ಇನ್ನ ಯಾವ ಮುಖ ಹೊತ್ಕೊಂಡ ಮನಿಗೆ ಹೋಗಲಿ?"

"ನಿಮಗ ನಿಂದ್ರೂದು ಬೇಕೋ, ನಿಂತಂಗ ಕಾಣೂದು ಬೇಕೋ?" ಎಂದು ಸಾಯಬಣ್ಣ ಕೆರೆಯತ್ತ ಬೆರಳು ತೋರಿಸಿದ. ಅಲ್ಲಿ ಅವನ ಎಮ್ಮೆ ಕಾಳಿ ಬೆನ್ನ ಮಟ್ಟದ ನೀರಿನಲ್ಲಿ ಕಣ್ಣುಮುಚ್ಚಿ ನಿಂತಿತ್ತು.

ಸೊರಗಿದ ಹಲಗೆಯನ್ನು ಕಾಳಿಯ ಬೆನ್ನಿಗೆ ಹೊದಿಸಿದರು. ಇಬ್ಬರು ಹಿಂದಿನಿಂದ ನೂಕಿ ದಾಮೋದರನನ್ನು ಮೇಲೆ ಹತ್ತಿಸಿದರು. ಅವನು ದೇವರ ಹೆಸರು ಹೇಳುತ್ತ ಎದ್ದು ನಿಂತ. ಕಾಳಿಗೆ ಅದೇನು ಹೊಳೆಯಿತೋ, ಗಂಭೀರವಾಗಿ ಹತ್ತು ಹೆಜ್ಜೆ ನಡೆಯಿತು. ಕೈಲಾಸ ವಿಡಿಯೋ ತೆಗೆದ. ಆಮೇಲೆ ಕಾಳಿ ಮೈ ಕೊಡವಿದ್ದು, ದಾಮೋದರ ಕೆಸರಿಗೆ ಬಿದ್ದದ್ದು, ಸಾಯಬಣ್ಣ ಅಂಗಿ ಹಿಡಿದು ಎಳೆದದ್ದು, ಎಲ್ಲವೂ ವಿಡಿಯೋದಲ್ಲಿ ಇದ್ದವು. ಕೈಲಾಸ ಅದನ್ನೂ ಎಮ್ಮೆಯ ತಲೆಯನ್ನೂ ಕತ್ತರಿಸಿ, ಚೆಂದದ ಹತ್ತು ಸೆಕೆಂಡು ಕೊಟ್ಟ.

ಸಂಜೆ ಮನೆಯಲ್ಲಿ ದಾಮೋದರನದೇ ರಾಜ್ಯ. "ನಮ್ಮ ಮನಿಯವರು" ಎಂದು ಬರೆದು ವೇಣೂಬಾಯಿಯೇ ವಿಡಿಯೋ ಗುಂಪಿಗೆ ಹಾಕಿದ್ದಳು. ಕೇಳದೆಯೇ ಎರಡನೇ ಚಹಾ ಬಂತು, ಜೊತೆಗೆ ಭಜಿ. ಹದಿನೆಂಟು ವರ್ಷದಲ್ಲಿ ಇಂಥ ಸಂಜೆ ಅವನು ಕಂಡಿರಲಿಲ್ಲ. ಅಷ್ಟರಲ್ಲಿ ಶೈಲೇಶನ ಫೋನು.

"ದಾದಾ, ಕಮಾಲ್ ಮಾಡಿದ್ರಿ! ಖರೇ ಹೇಳತೀನಿ, ನನ್ನ ಹಲಗೀನ ಇಬ್ಬರು ಹಿಡಕೊಂಡಿದ್ರು. ಫೋಟೋ ಆದ ಕೂಡಲೇ ಬಿದ್ದೆ. ನೀವು ಹುಟ್ಟ ಸೈತ ಹಾಕದ ಹೊಂಟೀರಿ! ನಾಳೆ ಮುಂಜಾನಿ ನಾನೂ ನಿಮ್ಮ ನಾದಿನಿ ಪ್ರಣಿತಾನೂ ಬರತೀವಿ, ಕಲಿಸಿಕೊಡ್ರಿ."

ದಾಮೋದರ ಬಾಯಿ ತೆರೆಯುವ ಮೊದಲೇ ವೇಣೂಬಾಯಿ ಫೋನು ಕಸಿದುಕೊಂಡಳು. "ಬರ್ರಿ ಬರ್ರಿ! ನಾನೂ ಹತ್ತತೀನಿ."

ದಾಮೋದರ ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಸಾಯಬಣ್ಣನಿಗೆ ಫೋನು ಹಚ್ಚಿದ.

"ಸಾಯಬಣ್ಣಾ, ನಾಳೆ ಕಾಳೀನ ಎಲ್ಲೂ ಬಿಡಬ್ಯಾಡೋ!"

"ಕಾಳಿ ಎಲ್ಲೈತ್ರಿ? ಕೈಲಾಸ ಪೂರಾ ವಿಡಿಯೋ ನನಗ ಕಳಿಸಿದ್ದ, ನಾ ಅದನ್ನ ನಮ್ಮ ದನ ಮಾರೂ ವಾಟ್ಸಾಪ್ ಗುಂಪಿಗೆ ಹಾಕಿದೆ. ನಾಗಣಸೂರ ಊರವರು ನೋಡಿ, ನಿಮ್ಮಂಥಾ ಮನಷ್ಯಾ ಮ್ಯಾಲ ನಿಂತ್ರೂ ಒದೀಲಾರದ ಎಮ್ಮಿ ಅಂತ ಓಡಿ ಬಂದ್ರು. ರೊಕ್ಕ ಎಣಿಸಿ ಸಂಜೀಕ ಹೊಡಕೊಂಡ ಹೋದ್ರು."

ದಾಮೋದರ ಮಗುಚಿಟ್ಟ ಬಕೀಟಿನ ಮೇಲೆ ಕೂತ.

"ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ," ಸಾಯಬಣ್ಣ ಧೈರ್ಯ ಹೇಳಿದ. "ಸಣ್ಣ ಕರು ಒಂದ ಐತಿ. ಹಗುರ ಐತಿ, ಹೊಸಬರಿಗೆ ಅದ ಚಲೋ."