ಎರಡಿಂಚು ಬಿಟ್ಟು ತರಿಸಿದ ಸೈಕಲ್ಲು

ಟೇಪಮ್ಮನ ಅಳತೆ ತಪ್ಪುವುದಿಲ್ಲ. ಇದು ಊರು ಹೇಳಿದ ಮಾತಲ್ಲ, ಟೇಪಮ್ಮನೇ ಹೇಳಿದ್ದು. ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಮೂವತ್ತೊಂದು ವರ್ಷದಿಂದ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಊರಿನ ಅರ್ಧ ಜನರ ಸೊಂಟ ಅಳೆದವಳು ಅವಳು. ಉಳಿದರ್ಧ ಜನ ರೆಡಿಮೇಡ್ ಹಾಕುವವರು. ಅವರನ್ನು ಅವಳು ಮನುಷ್ಯರ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ.

ಗಂಡ ಸತ್ತು ಒಂಬತ್ತು ತಿಂಗಳಾಗಿತ್ತು. ಒಂದು ಮಂಗಳವಾರ ಹಲ್ಲಿನ ಡಾಕ್ಟರು ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಇವರು ಗಂಡನ ಸೈಕಲ್ ಗೆಳೆಯರು. ಡಾಕ್ಟರು, ಕ್ಷೌರದಂಗಡಿಯವನು, ಒಬ್ಬ ನಿವೃತ್ತ ಗುಮಾಸ್ತ, ಜೊತೆಗೆ ಟೇಪಮ್ಮನ ಗಂಡ. ನಾಲ್ವರೂ ಪ್ರತಿ ಭಾನುವಾರ ಸೈಕಲ್ ಹತ್ತಿ ಊರಾಚೆಯ ಬೆಟ್ಟಕ್ಕೆ ಹೋಗುತ್ತಿದ್ದರು. ಬೆಟ್ಟಕ್ಕೆ ಡಾಂಬರಿಲ್ಲ, ಬರೀ ಜಲ್ಲಿ ರಸ್ತೆ. ಮೇಲೊಂದು ಕೆರೆ. ಮನೆಗೆ ಬಂದು ಅವನು ಕೆರೆಯ ಸುದ್ದಿ ಹೇಳುತ್ತಿದ್ದ, ಅವಳು ಹೊಲಿಗೆ ಮೆಷಿನ್ನಿನ ಸದ್ದಿನಲ್ಲಿ ಅರ್ಧ ಕೇಳಿಸಿಕೊಳ್ಳುತ್ತಿದ್ದಳು. "ಒಂದು ಸಲ ನೀನೂ ಬಾರೆ" ಎಂದು ಅವನು ಹನ್ನೊಂದು ವರ್ಷ ಕರೆದ. "ಈ ವಾರ ಯೂನಿಫಾರ್ಮ್ ಇದೆ" ಎಂದು ಅವಳು ಹನ್ನೊಂದು ವರ್ಷ ಹೇಳಿದಳು. ಈಗ ಯೂನಿಫಾರ್ಮ್ ಇಲ್ಲದ ಭಾನುವಾರಗಳು ಬಂದವು. ಕರೆಯುವವನು ಇರಲಿಲ್ಲ.

"ವರ್ಷ ತುಂಬೋ ಭಾನುವಾರ ಅವನ ನೆನಪಿಗೆ ಬೆಟ್ಟದ ಕಡೆ ಹೋಗೋಣ ಅಂತಿದೀವಿ ಅಕ್ಕ," ಎಂದರು ಡಾಕ್ಟರು.

"ನಾನೂ ಬರ್ತೀನಿ."

"ಬನ್ನಿ ಬನ್ನಿ. ಕಾರಲ್ಲಿ ಬನ್ನಿ. ಕೆಳಗೆ ಟೀ ಅಂಗಡಿ ಇದೆ, ಅಲ್ಲಿ ಆರಾಮಾಗಿ ಕೂತಿರಿ."

ಕೂತಿರಿ ಎಂಬ ಮಾತು ಟೇಪಮ್ಮನಿಗೆ ಸೂಜಿ ಚುಚ್ಚಿದ ಹಾಗಾಯಿತು. ಅವನು ನೋಡಿದ್ದನ್ನು ನೋಡಬೇಕು, ಅಷ್ಟೇ ಅವಳಿಗಿದ್ದದ್ದು. ಅದು ಟೀ ಅಂಗಡಿಯಿಂದ ಕಾಣುತ್ತದೆಯೇ?

"ಕೂತಿರೋಕೆ ನನಗೆ ಮನೇಲಿ ಸ್ಟೂಲಿದೆ ಡಾಕ್ಟ್ರೇ. ನಾನು ಸೈಕಲ್ಲಲ್ಲಿ ಬರ್ತೀನಿ. ನಿಮ್ಮ ಮೂರೂ ಸೈಕಲ್ಲಿಗಿಂತ ಒಳ್ಳೇ ಸೈಕಲ್ಲಲ್ಲಿ. ಅದನ್ನೂ ಅಂಗಡೀಲಿ ಕೊಳ್ಳಲ್ಲ. ಬಟ್ಟೆ ತರಿಸಿ ಹೊಲಿದ ಹಾಗೆ, ತರಿಸಿ ನಾನೇ ಕಟ್ತೀನಿ."

ಡಾಕ್ಟರ ಬಾಯಿ ತೆರೆದೇ ಉಳಿಯಿತು. ಊರಿನವರ ಬಾಯಿ ತೆರೆಸುವವರು ಅವರು.

ಕಪಾಟಿನ ಬಾಗಿಲ ಒಳಗೆ ಗಂಡ ಒಂದು ಚಿತ್ರ ಅಂಟಿಸಿದ್ದ. ಹೊರದೇಶದ ಕಂಪನಿಯ ಕಾರ್ಬನ್ ಫ್ರೇಮು, ಅಂದರೆ ಸೈಕಲ್ಲಿನ ಬರೀ ಚೌಕಟ್ಟು. "ಗ್ರ್ಯಾವೆಲ್ ಬೈಕ್ ಅಂತಾರೆ ಕಣೇ. ಜಲ್ಲಿ ಮೇಲೆ ಓಡೋಕೆ ಅಂತಲೇ ಮಾಡಿದ್ದು. ನಿನ್ನ ಇಸ್ತ್ರಿಪೆಟ್ಟಿಗೆಗಿಂತ ಹಗುರ" ಎನ್ನುತ್ತಿದ್ದ. ಮೂರು ವರ್ಷ ನೋಡುತ್ತಲೇ ಕಳೆದ. ಅದನ್ನೇ ತರಿಸಬೇಕೆಂದು ಟೇಪಮ್ಮ ತೀರ್ಮಾನ ಮಾಡಿದಳು. ಬೆಲೆ ಎಷ್ಟೆಂದು ಇಲ್ಲಿ ಬರೆಯುವುದು ಬೇಡ. ಮಹಡಿಯ ಮೇಲಿರುವ ಅವಳ ಸ್ವಂತ ಅಕ್ಕ ಅದನ್ನು ಕೇಳಿ ಎರಡು ದಿನ ಮಾತು ಬಿಟ್ಟಳು. ಅಕ್ಕ ನರ್ಸಾಗಿ ನಿವೃತ್ತಳಾದವಳು. ಅವಳು ಎರಡು ದಿನ ಸುಮ್ಮನಿದ್ದದ್ದು ಮನೆಯ ಚರಿತ್ರೆಯಲ್ಲೇ ಮೊದಲು.

ಸೈಕಲ್ ಅಂಗಡಿಯ ಮೆಕ್ಯಾನಿಕ್ ಕಂಪ್ಯೂಟರಿನ ಮುಂದೆ ಕುಳಿತು ಆರ್ಡರು ತುಂಬಿಸಿದ. ಕಂಪನಿ ಅಳತೆ ಕೇಳಿತು. ಎತ್ತರ, ಕಾಲಿನ ಒಳ ಉದ್ದ, ಬೆನ್ನು, ತೋಳು. ಅದಕ್ಕೆ ತಕ್ಕ ಸೈಜು ಕಳಿಸುತ್ತಾರಂತೆ.

"ನಿಲ್ಲಿ ಅಮ್ಮ, ಅಳೀತೀನಿ," ಎಂದ ಮೆಕ್ಯಾನಿಕ್.

"ನನಗೆ ಟೇಪು ಹಿಡಿಯೋನು ಇನ್ನೂ ಹುಟ್ಟಿಲ್ಲ."

ಮನೆಗೆ ಹೋಗಿ ನಿಲುವುಗನ್ನಡಿಯ ಮುಂದೆ ನಿಂತು ತಾನೇ ಅಳೆದುಕೊಂಡಳು. ಟೇಪಿನ ಇನ್ನೊಂದು ತುದಿ ಹಿಡಿಯುವ ಗೌರವ ಅಕ್ಕನಿಗೆ ಸಿಕ್ಕಿತು. ಚೀಟಿಯಲ್ಲಿ ಬರೆದು ತಂದುಕೊಟ್ಟಳು. ಮೆಕ್ಯಾನಿಕ್ ಅದನ್ನು ಹಾಗೇ ತುಂಬಿಸಿದ.

ಆರು ವಾರಕ್ಕೆ ಡಬ್ಬ ಬಂತು. ಮನೆ ಬಾಗಿಲಷ್ಟು ದೊಡ್ಡ ಡಬ್ಬ. ಟೇಪಮ್ಮ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು, ಉಸಿರು ಎಳೆದುಕೊಂಡು, ಭಾರ ಎತ್ತುವ ಭಂಗಿಯಲ್ಲಿ ಎತ್ತಿದಳು. ಡಬ್ಬ ತಲೆಯ ಮೇಲೆ ಹೋಯಿತು. ಅವಳು ಹಿಂದಕ್ಕೆ ಹೋದಳು.

"ಖಾಲಿ ಡಬ್ಬಕ್ಕೆ ನಾನು ಸಹಿ ಹಾಕಲ್ಲ," ಎಂದಳು ಪಾರ್ಸೆಲ್ಲಿನವನಿಗೆ, ನೆಲದಲ್ಲಿ ಕೂತುಕೊಂಡೇ.

"ಖಾಲಿಯಲ್ಲಮ್ಮ, ಒಳಗೇನೋ ಅಲ್ಲಾಡ್ತಿದೆ."

"ಅಲ್ಲಾಡ್ತಿರೋದು ನನ್ನ ಬೆನ್ನುಮೂಳೆ."

ಅವನ ಎದುರಿಗೇ ಬಿಚ್ಚಿ ನೋಡಿದ ಮೇಲೆ ಸಹಿ ಬಿತ್ತು. ಕಪ್ಪನೆಯ ಫ್ರೇಮು. ಒಂದು ಬೆರಳಿನಲ್ಲಿ ಎತ್ತಬಹುದಿತ್ತು. ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು. ಅವನು ಇದನ್ನು ಒಂದು ಸಲ ಎತ್ತಿದ್ದರೆ ಎಷ್ಟು ನಗುತ್ತಿದ್ದ ಎಂದುಕೊಂಡಳು. ಅಷ್ಟರಲ್ಲಿ ಅಕ್ಕ ಇಳಿದು ಬಂದಳು.

"ಚಕ್ರ ಎಲ್ಲಿ?"

"ಚಕ್ರ ಬೇರೆ."

"ಸೀಟು?"

"ಸೀಟೂ ಬೇರೆ."

"ಬ್ರೇಕು, ಪೆಡಲ್ಲು, ಚೈನು?"

"ಎಲ್ಲಾ ಬೇರೆ ಅಕ್ಕ."

"ಹಾಗಾದ್ರೆ ಸಮುದ್ರ ದಾಟಿ ಬಂದಿದ್ದೇನು?"

"ಮಧ್ಯದ್ದು."

"ಇಷ್ಟು ದುಡ್ಡು ಕೊಟ್ಟು ಮಧ್ಯದ್ದು ಮಾತ್ರ ತರಿಸ್ಕೊಂಡಿದ್ದೀಯ," ಎಂದಳು ಅಕ್ಕ. "ಆಸ್ಪತ್ರೇಲಿ ಇಂಥದ್ದು ಬಂದ್ರೆ ನಾವು ಬಿಳೀ ಬಟ್ಟೆ ಮುಚ್ತಿದ್ವಿ."

ಕಟ್ಟುವ ಕೆಲಸ ಕತ್ತರಿಸುವ ಮೇಜಿನ ಮೇಲೆ ನಡೆಯಿತು. ಹೊಲಿಯಲು ಬಂದಿದ್ದ ವಿಮೆ ಕಂಪನಿಯವರ ಹದಿನಾಲ್ಕು ಕೋಟು ಮಂಚಕ್ಕೆ ಹೋದವು, ಟೇಪಮ್ಮ ಚಾಪೆಗೆ ಹೋದಳು. ಮೆಕ್ಯಾನಿಕ್ ಚಕ್ರ, ಗೇರು ತಂದ. ಎರಡನೆಯ ದಿನ ಅವನು ಸಿಕ್ಕಿಹಾಕಿಕೊಂಡ. ಬ್ರೇಕಿನ ತಂತಿ ಈ ಫ್ರೇಮಿನ ಹೊರಗೆ ಕಾಣಬಾರದಂತೆ. ಮುಂದಿನ ತೂತಿನಲ್ಲಿ ನುಗ್ಗಿ, ಕೊಳವೆಯೊಳಗೇ ಹೋಗಿ, ಹಿಂದಿನ ಸಣ್ಣ ತೂತಿನಲ್ಲಿ ಬರಬೇಕಂತೆ. ತಂತಿ ಹೋಗುತ್ತಿತ್ತು. ಬರುತ್ತಿರಲಿಲ್ಲ. ಅವನು ಬ್ಯಾಟರಿ ಹಿಡಿದು, ಒಂದು ಕಣ್ಣು ಮುಚ್ಚಿ, ತೂತಿನೊಳಗೆ ಬೈಯುತ್ತಿದ್ದ.

"ಸರಿ ಆಚೆ," ಎಂದಳು ಟೇಪಮ್ಮ. "ಇದು ಚಡ್ಡಿಗೆ ಲಾಡಿ ಹಾಕೋ ಕೆಲಸ."

ದಾರದ ತುದಿಗೆ ಒಂದು ಚೂರು ಹತ್ತಿ ಕಟ್ಟಿದಳು. ಮುಂದಿನ ತೂತಿಗೆ ಬಿಟ್ಟಳು. ಹಿಂದಿನ ತೂತಿಗೆ ಕಸ ಎಳೆಯುವ ಮೆಷಿನ್ನಿನ ಬಾಯಿ ಹಿಡಿದು ಗುಂಡಿ ಒತ್ತಿದಳು. ದಾರ ಸುಯ್ಯೆಂದು ಬಂತು. ಜೊತೆಗೆ ಅರ್ಧ ರೀಲೂ ಹೋಯಿತು, ಮೆಕ್ಯಾನಿಕ್‌ನ ಲೆಕ್ಕದ ಚೀಟಿಯೂ ಹೋಯಿತು, ಅದಿರಲಿ. ದಾರಕ್ಕೆ ತಂತಿ ಕಟ್ಟಿ ಎಳೆದಳು. ದಿನವಿಡೀ ಆಗದ ಕೆಲಸ ಹತ್ತು ನಿಮಿಷಕ್ಕೆ ಮುಗಿಯಿತು.

"ಅಮ್ಮ, ನನ್ನ ಅಂಗಡಿಗೇ ಬಂದ್ಬಿಡಿ," ಎಂದ ಅವನು.

"ನೀನೇ ಇಲ್ಲಿಗೆ ಬಾ. ಗುಂಡಿ ಹೊಲಿಯೋಕೆ ಹಚ್ತೀನಿ."

ಆ ರಾತ್ರಿ ಟೇಪಮ್ಮ ಮೋಡದ ಮೇಲೆ ಮಲಗಿದಳು. ಬೆಳಿಗ್ಗೆ ಸೈಕಲ್ಲು ಪೂರ್ತಿಯಾಗಿ ನೆಲಕ್ಕಿಳಿಯಿತು. ಟೇಪಮ್ಮ ಅದರ ಪಕ್ಕ ನಿಂತಳು. ಸೀಟು ಅವಳ ಎದೆಗೆ ಬಂತು.

ಅಕ್ಕ ಮೆಟ್ಟಿಲಿಳಿದು ಬಂದು ನೋಡಿದಳು.

"ಸೈಕಲ್ಲು ನಿಂತಿದೆ," ಎಂದಳು ಅಕ್ಕ. "ನೀನೂ ಎದ್ದು ನಿಲ್ಲು."

"ನಿಂತೇ ಇದ್ದೀನಿ."

ಮೆಕ್ಯಾನಿಕ್ ಸೀಟನ್ನು ಎಷ್ಟು ಇಳಿಸಬಹುದೋ ಅಷ್ಟು ಇಳಿಸಿದ. ಕಾಲು ದಾಟಿಸಿ ನಿಲ್ಲಬೇಕಾದರೆ ಫ್ರೇಮಿನ ಮೇಲಿನ ಕೊಳವೆ ಇನ್ನೂ ಮರದ ಕೊಂಬೆಯ ಹಾಗೆ ಅಡ್ಡ ಬರುತ್ತಿತ್ತು. "ಅಮ್ಮ, ಆ ಚೀಟೀಲಿ ಬರೆದ ಅಳತೆ ಯಾರದ್ದು?"

"ನನ್ನದೇ."

"ಕರೆಕ್ಟಾಗಿ ನಿಮ್ಮದೇನಾ?"

"ನನ್ನದೇ ಕಣೋ. ಎರಡೆರಡಿಂಚು ಬಿಟ್ಟು ಬರೆದಿದ್ದೀನಿ."

"ಬಿಟ್ಟು ಅಂದ್ರೆ?"

"ಬಿಟ್ಟು ಅಂದ್ರೆ ಬಿಟ್ಟು. ಹೊಲಿಗೆಗೆ ಅಂತ ಒಂದಿಂಚು ಜಾಸ್ತಿ. ಮುಂದೆ ಮೈ ಬಂದ್ರೆ ಬಿಚ್ಚೋಕೆ ಅಂತ ಒಂದಿಂಚು. ಸರಿಯಾದ ಅಳತೆಗೆ ಯಾರಾದ್ರೂ ಕತ್ತರಿಸ್ತಾರಾ?"

ಮೆಕ್ಯಾನಿಕ್ ಗೋಡೆಗೆ ಒರಗಿ ಮೆಲ್ಲಗೆ ಕುಳಿತುಕೊಂಡ. "ಅಮ್ಮ, ಇದು ಕಾರ್ಬನ್ನು."

"ಗೊತ್ತು. ಸ್ವಲ್ಪ ಒಳಗೆ ಹಿಡಿಯೋಕೆ ಆಗಲ್ವಾ?"

ಆಗುವುದಿಲ್ಲ. ಮಡಚಲು ಬರುವುದಿಲ್ಲ, ಕತ್ತರಿಸಿದರೆ ಕೆಲಸಕ್ಕೆ ಬರುವುದಿಲ್ಲ. ವಾಪಸ್ಸು ಕಳಿಸಿ ತರಿಸಲು ಮತ್ತೆ ಆರು ವಾರ. ಭಾನುವಾರಕ್ಕೆ ಉಳಿದದ್ದು ಎಂಟು ದಿನ. ಮೂವತ್ತೊಂದು ವರ್ಷ ಒಂದೂ ಬಟ್ಟೆ ಬಿಗಿಯಾಯಿತು ಎನ್ನಿಸಿಕೊಳ್ಳದವಳಿಗೆ, ಜೀವನದಲ್ಲಿ ಒಮ್ಮೆ ತನಗೆಂದು ತರಿಸಿದ್ದು ಸಡಿಲವಾಗಿ ಹೋಯಿತು.

ಮೆಕ್ಯಾನಿಕ್ ಅವಳನ್ನು ಎತ್ತಿ ಕೂರಿಸಿ, ಹಿಡಿದುಕೊಂಡು ನೋಡಿದ. ಕಾಲಿನ ತುದಿ ಪೆಡಲ್ಲಿಗೆ ಸಿಗುತ್ತಿತ್ತು. "ಓಡ್ತಾ ಇರೋವಾಗ ತೊಂದ್ರೆ ಇಲ್ಲ. ನಿಲ್ಲಿಸಿದ್ರೆ ಕಾಲು ನೆಲಕ್ಕೆ ಸಿಗಲ್ಲ. ನಿಲ್ಲೋವಾಗ ಮಾತ್ರ ಕಷ್ಟ."

"ಹಾಗಾದ್ರೆ ನಿಲ್ಲಲ್ಲ," ಎಂದಳು ಟೇಪಮ್ಮ.

ಎಂಟು ದಿನ ಬೀದಿಗೆ ಬಿಟ್ಟಿ ಸರ್ಕಸ್ಸು. ಚಿಕ್ಕಂದಿನಲ್ಲಿ ಕಲಿತ ಸೈಕಲ್ಲು ಕಾಲಿಗೆ ಮರೆತಿರಲಿಲ್ಲ. ಮೆಟ್ಟಿಲಿನ ಮೇಲಿಂದ ಹತ್ತುತ್ತಿದ್ದಳು. ನಿಲ್ಲಲು ಬೇಕಾದ ಜಾಗಗಳನ್ನು ಗುರುತು ಮಾಡಿಕೊಂಡಳು. ದೀಪದ ಕಂಬ, ಔಷಧಿ ಅಂಗಡಿಯ ಜಗಲಿ, ನಿಂತಿರುವ ಯಾವುದಾದರೂ ಲಾರಿ. ಒಂದು ಸಲ ಲಾರಿ ಹೊರಟುಬಿಟ್ಟಿತು. ಇನ್ನೊಂದು ಸಲ ಏನೂ ಸಿಗದೆ ಅಕ್ಕನನ್ನೇ ಹಿಡಿದಳು. ಅಕ್ಕ ಹೂಕುಂಡಗಳನ್ನು ಹಿಡಿದಳು. ಹೂಕುಂಡಗಳಿಗೆ ಹಿಡಿಯಲು ಏನೂ ಇರಲಿಲ್ಲ.

ಭಾನುವಾರ ಬಂತು. ಹೊಸ ಪ್ಯಾಂಟು ಹೊಲಿದುಕೊಂಡಿದ್ದಳು, ಗೆರೆ ಕೂರಿಸಿ ಇಸ್ತ್ರಿ ಹಾಕಿದ್ದಳು. ಮೂವರು ಗಂಡಸರು ಮುಂದೆ, ಆಕಾಶದಲ್ಲಿ ಟೇಪಮ್ಮ ಹಿಂದೆ. ಡಾಂಬರು ಮುಗಿಯುವಲ್ಲಿ ಟೀ ಅಂಗಡಿ. ಮೂವರೂ ಅಲ್ಲಿ ತಾವಾಗಿಯೇ ನಿಂತರು, ಹಸುಗಳು ಕೊಟ್ಟಿಗೆಗೆ ತಿರುಗಿದ ಹಾಗೆ.

"ನಿಲ್ಲಿ ಅಕ್ಕ, ಒಂದು ಟೀ ಕುಡಿಯೋಣ," ಎಂದು ಡಾಕ್ಟರು ಕೈಯೆತ್ತಿದರು.

ಟೇಪಮ್ಮ ಸುತ್ತ ನೋಡಿದಳು. ಗೋಡೆಯಿಲ್ಲ, ಕಂಬವಿಲ್ಲ. ಇದ್ದದ್ದು ಪ್ಲಾಸ್ಟಿಕ್ ಕುರ್ಚಿಗಳು.

"ನಿಲ್ಲೋಕೆ ಬರಲ್ಲ ಡಾಕ್ಟ್ರೇ. ಮೇಲೆ ಸಿಗ್ತೀನಿ."

"ಮೇಲೆ ಅಂದ್ರೆ? ಅಕ್ಕ! ಮೇಲೆ ಯಾಕೆ?"

ಆ ಪ್ರಶ್ನೆ ವಿಚಿತ್ರ ಎನ್ನಿಸಿತು. ಆದರೆ ಯೋಚಿಸಲು ಪುರುಸೊತ್ತಿರಲಿಲ್ಲ, ಜಲ್ಲಿ ಶುರುವಾಗಿತ್ತು. ಸೈಕಲ್ಲು ಕಲ್ಲನ್ನು ಕಲ್ಲೆನ್ನಲಿಲ್ಲ. ಅವನು ಹೇಳಿದ್ದು ನಿಜ, ಇದಕ್ಕೆಂದೇ ಮಾಡಿದ್ದು. ಏರು ಬಂತು. ಮೂವತ್ತೊಂದು ವರ್ಷ ಕಾಲಿನಲ್ಲಿ ಹೊಲಿಗೆ ಮೆಷಿನ್ನು ತುಳಿದವಳು. ಇದು ಇನ್ನೂರು ಯೂನಿಫಾರ್ಮ್ ಎಂದುಕೊಂಡು ತುಳಿದಳು. ನಿಂತರೆ ಬೀಳಬೇಕು, ಅದಕ್ಕೆ ನಿಲ್ಲಲಿಲ್ಲ. ಒಂದು ತಿರುವು, ಇನ್ನೊಂದು ತಿರುವು. ಗಾಳಿಗೆ ನಗು ಬರುತ್ತಿತ್ತು. ಒಬ್ಬಳೇ ಜೋರಾಗಿ ನಕ್ಕಳು. ವರ್ಷವಾಗಿತ್ತು ಹಾಗೆ ನಕ್ಕು.

ಮೇಲೆ ಪಂಪುಮನೆಯ ಮೆಟ್ಟಿಲು ಸಿಕ್ಕಿತು. ಕಾಲೂರಿದಳು. ಎದುರಿಗೆ ಕೆರೆ. ದೊಡ್ಡದೇನಲ್ಲ. ನೀರು ಸುಮ್ಮನೆ ಇತ್ತು. ಸುಮಾರು ಹೊತ್ತು ನೋಡಿದಳು. "ಬಂದೆ ನೋಡಿ," ಎಂದಳು, ಯಾರಿಗೋ.

ಮುಕ್ಕಾಲು ಗಂಟೆಯ ಮೇಲೆ ಡಾಕ್ಟರು ಒಬ್ಬರೇ ಸೈಕಲ್ಲು ತಳ್ಳಿಕೊಂಡು ಬಂದರು. ಮುಖ ಬದನೆಕಾಯಿಯಾಗಿತ್ತು. ಸೊಂಟಕ್ಕೆ ಕೈಕೊಟ್ಟು ನೀರು ನೋಡಿದರು.

"ಅರೆ," ಎಂದರು. "ಇಲ್ಲಿ ನಿಜವಾಗ್ಲೂ ಕೆರೆ ಇದೆ."

ಟೇಪಮ್ಮ ತಿರುಗಿ ನೋಡಿದಳು. ಡಾಕ್ಟರು ನೆಲ ನೋಡಿದರು.

"ಹನ್ನೊಂದು ವರ್ಷ?"

"ಒಂದು ಸಲ ಅರ್ಧ ಹತ್ತಿದ್ವಿ ಅಕ್ಕ. ಗುಮಾಸ್ತರಿಗೆ ಮಂಡಿ ಹಿಡೀತು."

"ಮತ್ತೆ ವಾರ ವಾರ ಏನ್ ಮಾಡ್ತಿದ್ರಿ?"

"ಟೀ. ಇಸ್ಪೀಟು."

"ಮತ್ತೆ ಪ್ಯಾಂಟು? ಮಂಡಿವರೆಗೆ ಕೆಸರು ಮಾಡ್ಕೊಂಡು ಬರ್ತಿದ್ರಲ್ಲ ನಮ್ಮನೆಯವ್ರು. ಒಗೆದಿದ್ದು ನಾನು."

"ಟೀ ಅಂಗಡಿ ಹಿಂದೆ ಒಂದು ನಲ್ಲಿ ಇದೆ," ಎಂದರು ಡಾಕ್ಟರು, ಹಲ್ಲು ಕೀಳಿಸಿಕೊಳ್ಳುವವರ ದನಿಯಲ್ಲಿ. "ಅಲ್ಲಿ ಮಣ್ಣು ಕಲಸಿ ಅವನೇ ಬಳೀತಿದ್ದ. ನಮಗೂ ಬಳೀತಿದ್ದ. ಕೈ ಚೆನ್ನಾಗಿತ್ತು ಅವನದ್ದು. ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ."

"ನನ್ನನ್ನ ಬಾ ಬಾ ಅಂತ ಕರೀತಿದ್ರಲ್ಲ. ಬಂದೇಬಿಟ್ಟಿದ್ರೆ?"

"ನಾವೂ ಅದನ್ನೇ ಕೇಳ್ತಿದ್ವಿ. 'ಅವಳು ಬಂದ್ರೆ ಹತ್ತೋಣ ಬಿಡ್ರೋ' ಅಂತಿದ್ದ. 'ಅವಳು ಜೊತೆಗಿದ್ರೆ ಹತ್ತಬಹುದು' ಅಂತ."

ಟೇಪಮ್ಮ ಮೆಟ್ಟಿಲಿನ ಮೇಲೆ ಕುಳಿತಳು. ಭುಜ ಕುಲುಕುತ್ತಿತ್ತು. ಡಾಕ್ಟರು ಹೆದರಿ ಕರವಸ್ತ್ರ ಕೊಟ್ಟರು. ಅದರ ಅಂಚಿನ ಹೊಲಿಗೆ ಬಿಟ್ಟಿತ್ತು.

"ಮಂಗಳವಾರ ತಂದ್ಕೊಡಿ," ಎಂದಳು, ಮೂಗು ಒರೆಸಿಕೊಂಡು. "ಹೊಲಿದ್ಕೊಡ್ತೀನಿ."

ಇಳಿಯುವಾಗ ತಳ್ಳಿಕೊಂಡೇ ಇಳಿದರು. ಟೀ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅವಳೂ ಒಂದು ಲೋಟ ಕುಡಿದಳು.

ಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಹತ್ತಿದ್ಯಾ?"

"ಹತ್ತಿದೆ."

ಅಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೂತು ಪ್ಯಾಂಟಿನ ಅಂಚು ಹಿಡಿದು ನೋಡಿದಳು. "ಸುಳ್ಳು. ಇಸ್ತ್ರಿ ಗೆರೆ ಕೂಡ ಹೋಗಿಲ್ಲ. ಬೆಟ್ಟ ಹತ್ತಿದವರು ಹೇಗೆ ಬರ್ತಾರೆ ಅಂತ ನನಗೆ ಗೊತ್ತಿಲ್ವಾ? ನಿನ್ನ ಗಂಡನ ಬಗ್ಗೆ ನಾನು ಒಂದೇ ಒಂದು ಒಳ್ಳೇ ಮಾತು ಆಡಿದವಳಲ್ಲ. ಆದ್ರೆ ಅದೊಂದು ಒಪ್ಕೋತೀನಿ. ಮಂಡಿವರೆಗೆ ಕೆಸರು ಮಾಡ್ಕೊಂಡು ಬರ್ತಿದ್ದ. ಹತ್ತೋ ಗಂಡಸು. ನೀನು ಟೀ ಅಂಗಡೀಲಿ ಕೂತು ಬಂದಿದ್ದೀಯ."

ಟೇಪಮ್ಮ ಬಾಯಿ ತೆರೆದಳು. ಪಂಪುಮನೆ, ಮೆಟ್ಟಿಲು, ನೀರು, ಡಾಕ್ಟರ ಸಾಕ್ಷಿ, ಎಲ್ಲ ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು. ಆ ಬೆಟ್ಟವನ್ನು ಅವರ ಪೈಕಿ ತುಳಿದುಕೊಂಡೇ ಹತ್ತಿದವಳು ಅವಳೊಬ್ಬಳೇ. ಹೇಳಿಕೊಳ್ಳಲು ಅದಕ್ಕಿಂತ ದೊಡ್ಡದು ಅವಳಿಗೆ ಈ ಜನ್ಮದಲ್ಲಿ ಸಿಗುವುದಿಲ್ಲ.

ಬಾಯಿ ಮುಚ್ಚಿದಳು.

"ಹೂಂ ಅಕ್ಕ," ಎಂದಳು. "ಟೀ ಅಂಗಡೀಲೇ ಕೂತಿದ್ದೆ."

"ನನಗ್ಗೊತ್ತಿತ್ತು. ಟೀ ಆದ್ರೂ ಚೆನ್ನಾಗಿತ್ತಾ?"

"ಚೆನ್ನಾಗಿತ್ತು," ಎಂದಳು ಟೇಪಮ್ಮ. "ಹನ್ನೊಂದು ವರ್ಷ ಕುಡೀಬಹುದು."